ಸ್ಕ್ರೀನ್ ಹೇಳ್ತಿರೋದು ನಿಜಾನಾ? ಕಾರ್ಖಾನೆಗೆ ಎಚ್‌ಎಂಐ, ಸ್ಕಾಡಾ ಆರಿಸೋ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ನೋಟ್‌ನಿಂದ.

ಹಾಸನ ಜಿಲ್ಲೆಯಲ್ಲಿ ನಮ್ಮ ಸೋದರಮಾವ ಒಂದು ಚಿಕ್ಕ ಖಾಸಗಿ ಡೇರಿ ನಡೆಸ್ತಾರೆ. ಸುತ್ತಲಿನ ಹಳ್ಳಿಗಳಿಂದ ಹಾಲು ತರಿಸಿ, ಕಾಯಿಸಿ, ತಣ್ಣಗೆ ಮಾಡಿ, ಪ್ಯಾಕೆಟ್ ಮಾಡಿ ಮಾರ್ತಾರೆ. ಒಂದು ದಿನ ಬೆಳಗ್ಗೆ ಆರೂವರೆಗೆ ಅವರ ಕಡೆಯಿಂದ ವಾಟ್ಸ್ಆ್ಯಪ್‌ನಲ್ಲಿ ಮೂರು ಪಿಡಿಎಫ್ ಬಂದವು. ಕೆಳಗೆ ವಾಯ್ಸ್ ನೋಟ್: "ನೋಡಮ್ಮ, ಪ್ಲಾಂಟಿನ ಹಳೇ ಸ್ಕ್ರೀನ್ ಸತ್ತೋಯ್ತು. ಮೂರು ಕಡೆ ಕೊಟೇಶನ್ ತರಿಸಿದೀನಿ. ನೀನು ಬಿ.ಕಾಂ ಮಾಡಿದೀಯಲ್ಲ, ಯಾವುದು ಸರಿ ಅಂತ ನೋಡಿ ಹೇಳು."

ಬಿ.ಕಾಂ ಓದಿದವರು ಏನು ಮಾಡ್ತಾರೋ ನಾನೂ ಅದನ್ನೇ ಮಾಡಿದೆ. ಎಕ್ಸೆಲ್ ತೆಗೆದೆ. ಎಡಗಡೆ ಮೂರು ಕಂಪನಿ, ಮೇಲ್ಗಡೆ ಬೆಲೆ, ಜಿಎಸ್‌ಟಿ, ವಾರಂಟಿ, ಅಡ್ವಾನ್ಸ್ ಎಷ್ಟು, ಡೆಲಿವರಿ ಎಷ್ಟು ವಾರ. ಹತ್ತು ನಿಮಿಷದಲ್ಲಿ ಮಧ್ಯದ ಕೊಟೇಶನ್‌ಗೆ ಹಳದಿ ಬಣ್ಣ ಹಚ್ಚಿ ಕಳಿಸಿಬಿಟ್ಟೆ. ಆ ವಾರದ ಕೊನೆಗೆ ಊರಿಗೆ ಹೋಗಿ, ಡೇರಿಯ ರಾತ್ರಿ ಶಿಫ್ಟಿನ ಆಪರೇಟರ್ ಜತೆ ಅರ್ಧ ಗಂಟೆ ನಿಂತು ಮಾತಾಡಿದ ಮೇಲೆ ಗೊತ್ತಾಯ್ತು, ನನ್ನ ಶೀಟಿನಲ್ಲಿ ಇರಬೇಕಾಗಿದ್ದ ಕಾಲಂ ಒಂದೂ ಇರಲಿಲ್ಲ ಅಂತ.

ಮೊದಲು ಯಾವುದು ಏನು ಅಂತ ಬಿಡಿಸಿಕೊಳ್ಳೋಣ. ಡಿಪ್ಲೊಮಾ, ಐಟಿಐ ಮಾಡಿರೋರು ಒಂದು ನಿಮಿಷ ತಡ್ಕೊಳ್ಳಿ, ನಮ್ಮಂಥವರಿಗೆ ಇದು ಬೇಕು.

ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ಒಂದು ಚಿಕ್ಕ ಡಬ್ಬಿ ಇರುತ್ತೆ, ಅದರ ಸುತ್ತ ರಾಶಿ ವೈರು. ಅದೇ ಪಿಎಲ್‌ಸಿ. ಮೋಟಾರ್ ಯಾವಾಗ ಓಡಬೇಕು, ವಾಲ್ವ್ ಯಾವಾಗ ತೆರೀಬೇಕು ಅಂತ ತೀರ್ಮಾನ ಮಾಡೋದು ಅದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನವರಿಗೆ ಗೋಡೆಯಗಲದ ರಿಲೇ ಪ್ಯಾನೆಲ್‌ಗಳ ಬದಲು ಏನಾದರೂ ಬೇಕಿತ್ತು. ಆಗ ಬಂದಿದ್ದು ಇದು. ಬಾಗಿಲ ಮೇಲೆ ಹೊರಗೆ ಕಾಣೋ ಟಚ್ ಸ್ಕ್ರೀನ್ ಎಚ್‌ಎಂಐ, ಅಂದ್ರೆ ಹ್ಯೂಮನ್ ಮೆಷಿನ್ ಇಂಟರ್‌ಫೇಸ್. ಪಿಎಲ್‌ಸಿ ಒಳಗೆ ಏನು ನಡೀತಿದೆ ಅಂತ ಮನುಷ್ಯನಿಗೆ ತೋರಿಸೋದು, ಮನುಷ್ಯ ಹೇಳಿದ್ದನ್ನ ಪಿಎಲ್‌ಸಿಗೆ ದಾಟಿಸೋದು ಇದರ ಕೆಲಸ. ಇನ್ನು ಸ್ಕಾಡಾ ಅಂದ್ರೆ ಇಂಥ ಎಷ್ಟೋ ಪಿಎಲ್‌ಸಿಗಳನ್ನು ಒಂದೇ ಕಡೆ ಕೂತು ನೋಡೋ, ಅವುಗಳ ಲೆಕ್ಕ ಬರೆದಿಡೋ ಸಾಫ್ಟ್‌ವೇರ್. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳಿಗೆ ಸ್ಕಾಡಾ ಹಾಕಿದ್ದಾರೆ. ಅಷ್ಟುದ್ದದ ಕಾಲುವೆಯಲ್ಲಿ ಪ್ರತಿ ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸೋಕಾಗಲ್ಲವಲ್ಲ, ಅಂಥ ಕಡೆಗೇ ಇದು ಹುಟ್ಟಿದ್ದು.

ಹಾಗಾದ್ರೆ ಮಾವನ ಸ್ಕ್ರೀನ್ ಸತ್ತ ದಿನ ಡೇರಿ ನಿಂತಿತಾ? ಇಲ್ಲ. ಪಿಎಲ್‌ಸಿ ತನ್ನ ಪಾಡಿಗೆ ಓಡ್ತಾನೇ ಇತ್ತು. ಹಾಲು ಕಾಯ್ತಿತ್ತು, ತಣ್ಣಗಾಗ್ತಿತ್ತು. ಆದರೆ ಎಷ್ಟು ಡಿಗ್ರಿ ಅಂತ ನೋಡೋಕೆ ಪೈಪಿನ ಮೇಲಿದ್ದ ಹಳೇ ಮುಳ್ಳಿನ ಥರ್ಮಾಮೀಟರ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಬಸ್ ಓಡ್ತಿದೆ, ಡ್ರೈವರ್ ಮುಂದಿನ ಗಾಜಿಗೆ ಮಣ್ಣು ಮೆತ್ತಿದೆ, ಹಂಗೆ.

"ಸರಿ, ಅದೇ ಥರದ್ದು ಇನ್ನೊಂದು ತಂದು ಹಾಕಿದ್ರಾಯ್ತಲ್ಲ ಮಾವ?" ಅಂದೆ. ಅಲ್ಲೇ ಇದ್ದಿದ್ದು ಕಥೆ. ಆ ಮಾಡೆಲ್ ಈಗ ಬರ್ತಿಲ್ಲ. ಹೊಸ ಮಾಡೆಲ್‌ಗೆ ಹಳೇ ಪ್ರಾಜೆಕ್ಟನ್ನು ಬದಲಾಯಿಸಿ ಹಾಕಬಹುದು, ಆದರೆ ಅದಕ್ಕೆ ಪ್ರಾಜೆಕ್ಟಿನ ಮೂಲ ಫೈಲ್ ಬೇಕು. ಸ್ಕ್ರೀನ್ ಒಳಗೆ ಇರೋದು ಓಡೋ ರೂಪದ ಫೈಲ್ ಮಾತ್ರ, ಅದನ್ನ ವಾಪಸ್ ತೆಗೆದು ತಿದ್ದೋಕೆ ಎಷ್ಟೋ ಪ್ಯಾನೆಲ್‌ಗಳಲ್ಲಿ ಆಗಲ್ಲ. ಮೂಲ ಫೈಲು, ಅದರ ಪಾಸ್‌ವರ್ಡು ಎರಡೂ ಆವತ್ತು ಪ್ಯಾನೆಲ್ ಮಾಡಿಕೊಟ್ಟವರ ಲ್ಯಾಪ್‌ಟಾಪಿನಲ್ಲಿತ್ತು. ಅವರು ಈಗ ಫೋನ್ ಎತ್ತಲ್ಲ. ದುಡ್ಡು ಕೊಟ್ಟಿದ್ದು ಮಾವ, ಯಂತ್ರ ಮಾವಂದು, ಆದರೆ ಅದರ ಮುಖ ಇನ್ಯಾರದೋ ಹತ್ತಿರ.

ನನಗೆ ಇದು ತಕ್ಷಣ ಅರ್ಥ ಆಯ್ತು, ಯಾಕಂದ್ರೆ ಕಾಲೇಜು ಮುಗಿದ ಮೇಲೆ ಒಂದು ವರ್ಷ ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದೀನಿ. ಅಕೌಂಟೆಂಟ್ ಕೆಲಸ ಬಿಟ್ಟು ಹೋದ ಮೇಲೆ ಟ್ಯಾಲಿ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಬರೋ ಅಂಗಡಿ ಮಾಲೀಕರನ್ನ ನೋಡಿದೀನಿ. ಅದೇ ಕಥೆ, ಬರೀ ವೈರು ಜಾಸ್ತಿ. ಹಾಗಾಗಿ ನನ್ನ ಹೊಸ ಶೀಟಿನ ಮೊದಲ ಕಾಲಂ ಇದಾಯ್ತು: ಎಚ್‌ಎಂಐ ಮತ್ತು ಪಿಎಲ್‌ಸಿ ಎರಡರ ಮೂಲ ಫೈಲ್, ಪಾಸ್‌ವರ್ಡ್, ಟ್ಯಾಗ್‌ಗಳ ಪಟ್ಟಿ ಪೆನ್‌ಡ್ರೈವ್‌ನಲ್ಲಿ ಕೊಡ್ತೀರಾ? ಕೊಡೋವರೆಗೂ ಕೊನೆಯ ಕಂತು ತಡೆಹಿಡೀತೀವಿ ಅಂತ ಪರ್ಚೇಸ್ ಆರ್ಡರ್‌ನಲ್ಲಿ ಬರೆದರೆ ಒಪ್ಕೋತೀರಾ? ಮೂವರಲ್ಲಿ ಒಬ್ಬರು ಈ ಮಾತಿಗೆ ಅಲ್ಲೇ ಮುಖ ಹುಳ್ಳಗೆ ಮಾಡಿದರು.

ಈಗ ಟ್ಯಾಗ್ ಅಂದೆನಲ್ಲ, ಅದು ಏನು ಅಂತ ನೋಡೋಣ, ಯಾಕಂದ್ರೆ ದುಡ್ಡು ಸೋರಿಹೋಗೋದು ಅಲ್ಲೇ. ಸ್ಕ್ರೀನ್ ಪಿಎಲ್‌ಸಿಯಿಂದ ಓದೋ ಪ್ರತಿಯೊಂದು ಮಾಹಿತಿಗೂ ಒಂದು ಹೆಸರು ಇರುತ್ತೆ, ಅದೇ ಟ್ಯಾಗ್. ಒಂದು ಮೋಟಾರ್ ಅಂದ್ರೆ ಒಂದು ಟ್ಯಾಗ್ ಅಂದ್ಕೊಂಡಿದ್ದೆ ನಾನು. ಅಲ್ಲ. ಸ್ಟಾರ್ಟ್ ಮಾಡು ಅನ್ನೋ ಆದೇಶ ಒಂದು, ಓಡ್ತಿದೆಯಾ ಅನ್ನೋದು ಇನ್ನೊಂದು, ಟ್ರಿಪ್ ಆಯ್ತಾ, ಆಟೋದಲ್ಲಿದೆಯಾ ಮ್ಯಾನ್ಯುಯಲ್ಲಾ, ಸ್ಪೀಡ್ ಎಷ್ಟು, ಒಟ್ಟು ಎಷ್ಟು ಗಂಟೆ ಓಡಿದೆ, ಇಷ್ಟಕ್ಕೇ ಆರಾಯ್ತು. ಐವತ್ತು ಮೋಟಾರ್ ಇದ್ದರೆ ಮುನ್ನೂರು. ತುಂಬಾ ಸ್ಕಾಡಾ ಸಾಫ್ಟ್‌ವೇರ್‌ಗಳು ಈ ಟ್ಯಾಗ್ ಲೆಕ್ಕದ ಮೇಲೇ ಲೈಸೆನ್ಸ್ ಮಾರ್ತವೆ, ಇಷ್ಟರವರೆಗೆ ಇಷ್ಟು ಬೆಲೆ ಅಂತ, ಇನ್‌ಕಂ ಟ್ಯಾಕ್ಸ್ ಸ್ಲ್ಯಾಬ್ ಥರ. ಇಗ್ನಿಷನ್‌ನಂಥ ಕೆಲವು ಮಾತ್ರ ಟ್ಯಾಗ್ ಎಷ್ಟಾದರೂ ಇರಲಿ ಅಂತ ಸರ್ವರ್ ಲೆಕ್ಕದಲ್ಲಿ ಕೊಡ್ತವೆ. ಕೊಟೇಶನ್ ಕಡಿಮೆ ಕಾಣಲಿ ಅಂತ ಇವತ್ತಿಗೆ ಸರಿಯಾಗಿ ಸಾಲೋಷ್ಟೇ ಟ್ಯಾಗ್ ಹಾಕಿಕೊಟ್ಟಿರ್ತಾರೆ. ಮುಂದಿನ ವರ್ಷ ಮೊಸರಿನ ಲೈನ್ ಹಾಕಿದಿರಿ ಅಂದ್ರೆ ಮೇಲಿನ ಸ್ಲ್ಯಾಬ್‌ಗೆ ಮತ್ತೆ ದುಡ್ಡು. ಓಡಿಸೋ ಲೈಸೆನ್ಸ್ ಬೇರೆ, ತಿದ್ದೋ ಲೈಸೆನ್ಸ್ ಬೇರೆ ಅನ್ನೋದೂ ಇದೆ. ಎರಡನೆಯದು ಕೊಟೇಶನ್‌ನಲ್ಲಿ ಇಲ್ಲದಿದ್ದರೆ ಒಂದು ಬಟನ್ ಹೆಸರು ಬದಲಾಯಿಸೋಕೂ ಅವರನ್ನೇ ಕರೀಬೇಕು.

ಸ್ಕಾಡಾ ಅಂದ್ರೆ ಕಂಪ್ಯೂಟರ್ ಬೇಕು, ಕಂಪ್ಯೂಟರ್ ಅಂದ್ರೆ ಹೆಚ್ಚಾಗಿ ವಿಂಡೋಸ್. ಇಲ್ಲಿ ಆಯಸ್ಸಿನ ಜಗಳ ಶುರು. ಸ್ಟೀಲಿನ ಪಾಶ್ಚರೈಸರ್ ಇಪ್ಪತ್ತು ವರ್ಷ ಬಾಳುತ್ತೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸ್ತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಯಂತ್ರದ ಒಂದು ಜನ್ಮದಲ್ಲಿ ಕಂಪ್ಯೂಟರಿಗೆ ಎರಡು ಮೂರು ಜನ್ಮ. ಅದರ ಖರ್ಚನ್ನ ಮೊದಲ ದಿನವೇ ಶೀಟಿನಲ್ಲಿ ಹಾಕಿಕೊಳ್ಳದಿದ್ದರೆ ಆಮೇಲೆ ಎದೆ ಧಸಕ್ ಅನ್ನುತ್ತೆ.

ಇದೆಲ್ಲ ದುಡ್ಡಿನ ಮಾತು, ನನ್ನ ಸಬ್ಜೆಕ್ಟ್. ಆದರೆ ಆವತ್ತು ರಾತ್ರಿ ಆಪರೇಟರ್ ಅಣ್ಣ ಹೇಳಿದ ಒಂದು ಘಟನೆ ಕೇಳಿದ ಮೇಲೆ ದುಡ್ಡಿನ ಕಾಲಂಗಳನ್ನೆಲ್ಲ ಬಲಗಡೆಗೆ ಸರಿಸಿಬಿಟ್ಟೆ.

ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡ್ ಆ ಬಿಸಿಯಲ್ಲೇ ಇಡಬೇಕು. ಆ 15 ಸೆಕೆಂಡಿಗೆ ಅಂತ ಹೋಲ್ಡಿಂಗ್ ಟ್ಯೂಬ್ ಅನ್ನೋ ಅಂಕುಡೊಂಕು ಪೈಪ್ ಇರುತ್ತೆ. ಅದರ ತುದಿಯಲ್ಲಿ ಒಂದು ಟೆಂಪರೇಚರ್ ಸೆನ್ಸರ್, ಆಮೇಲೆ ಒಂದು ವಾಲ್ವ್. ಹಾಲು 72 ಇದ್ದರೆ ವಾಲ್ವ್ ಮುಂದಕ್ಕೆ ಬಿಡುತ್ತೆ, ಕಡಿಮೆ ಇದ್ದರೆ ಮತ್ತೆ ಕಾಯಲಿ ಅಂತ ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ಇಡೀ ಡೇರಿಯಲ್ಲಿ ಜನರ ಆರೋಗ್ಯ ನಿಂತಿರೋದು ಈ ಒಂದು ವಾಲ್ವ್ ಮೇಲೆ ಅಂದ್ರೂ ತಪ್ಪಿಲ್ಲ.

ಹೋದ ವರ್ಷ ಒಂದು ರಾತ್ರಿ ಬಾಯ್ಲರ್ ಕೈಕೊಟ್ಟು ಟೆಂಪರೇಚರ್ 68ಕ್ಕೆ ಇಳೀತು. ಸ್ಕ್ರೀನ್ ಮೇಲೆ ವಾಲ್ವ್ ಚಿತ್ರದ ಬಣ್ಣ ಬದಲಾಯ್ತು, "ವಾಪಸ್" ಅಂತ ತೋರಿಸ್ತು. ಎಲ್ಲ ಸರಿ. ಆದರೆ ಅಣ್ಣನಿಗೆ ಏನೋ ಅನುಮಾನ. "ವಾಪಸ್ ಬರೋ ಪೈಪ್ ಮುಟ್ಟಿ ನೋಡಿದೆ ಮೇಡಂ. ತಣ್ಣಗಿತ್ತು. ಹಾಲು ವಾಪಸ್ ಬರ್ತಿದ್ರೆ ಅದು ಕೈ ಸುಡಬೇಕಲ್ವಾ? ಓಡಿ ಹೋಗಿ ಪಂಪ್ ಆಫ್ ಮಾಡಿದೆ." ವಾಲ್ವ್ ಸಿಕ್ಕಿಹಾಕಿಕೊಂಡಿತ್ತು. ಅರೆಬರೆ ಕಾದ ಹಾಲು ಮುಂದಿನ ಟ್ಯಾಂಕಿಗೇ ಹೋಗ್ತಿತ್ತು. ಆ ಟ್ಯಾಂಕಿನ ಹಾಲನ್ನೆಲ್ಲ ಮತ್ತೆ ಕಾಯಿಸಿದರು. ಬೆಳಗ್ಗಿನ ವ್ಯಾನುಗಳು ತಡವಾದವು, ಅಷ್ಟಕ್ಕೇ ಮುಗೀತು.

ಸ್ಕ್ರೀನ್ ಯಾಕೆ ಸುಳ್ಳು ಹೇಳ್ತು? ಅದು ಸುಳ್ಳೂ ಹೇಳಿರಲಿಲ್ಲ. ಪಿಎಲ್‌ಸಿ ವಾಲ್ವ್‌ಗೆ ಏನು ಆದೇಶ ಕೊಡ್ತು ಅನ್ನೋದನ್ನ ತೋರಿಸ್ತಿತ್ತು. ವಾಲ್ವ್ ನಿಜವಾಗಿ ಎಲ್ಲಿದೆ ಅಂತ ಹೇಳೋ ಸೆನ್ಸರ್ ವಾಲ್ವ್ ಮೇಲೇ ಇತ್ತು, ಅದರ ವೈರನ್ನ ಪಿಎಲ್‌ಸಿಗೆ ಜೋಡಿಸಿರಲೇ ಇಲ್ಲ. "ಬಾಗಿಲು ಹಾಕು ಅಂತ ಹೇಳಿದೀನಿ" ಅನ್ನೋದಕ್ಕೂ "ಬಾಗಿಲು ಹಾಕಿದೆ" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಮಕ್ಕಳಿರೋ ಮನೆಯವರನ್ನ ಕೇಳಿ.

ಇದು ಹಳ್ಳಿ ಡೇರಿಯ ಬಡತನ ಅಂದ್ಕೋಬೇಡಿ. 1979ರ ಮಾರ್ಚ್ 28, ಅಮೆರಿಕದ ಪೆನ್ಸಿಲ್ವೇನಿಯಾ, ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರ. ಒತ್ತಡ ಇಳಿಸೋ ಒಂದು ವಾಲ್ವ್ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಳ್ತು. ಕಂಟ್ರೋಲ್ ರೂಮಿನ ದೀಪ ನೋಡಿದ ಆಪರೇಟರ್‌ಗಳು ಅದು ಮುಚ್ಚಿದೆ ಅಂದ್ಕೊಂಡರು. ಆ ದೀಪ ಹೇಳ್ತಿದ್ದಿದ್ದು ಮುಚ್ಚೋ ಆದೇಶ ಹೋಗಿದೆ ಅನ್ನೋದಷ್ಟೇ. ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರ್ ತಣಿಸೋ ನೀರು ಅಲ್ಲಿಂದ ಹೊರಗೆ ಹೋಯ್ತು, ರಿಯಾಕ್ಟರಿನ ಒಳಭಾಗದ ಸುಮಾರು ಅರ್ಧ ಕರಗಿಹೋಯ್ತು. ನಮ್ಮ ಅಣ್ಣನ ಥರ ಪೈಪ್ ಮುಟ್ಟಿ ನೋಡೋ ಅವಕಾಶವೂ ಅವರಿಗಿರಲಿಲ್ಲ.

ಹಾಗಾಗಿ ಎರಡನೇ ಕಾಲಂ: ಪ್ರತಿ ವಾಲ್ವ್, ಪ್ರತಿ ಮೋಟಾರಿಗೂ ಸ್ಕ್ರೀನ್ ತೋರಿಸೋದು ಆದೇಶವನ್ನಾ, ನಿಜಸ್ಥಿತಿಯನ್ನಾ? ಎರಡೂ ತಾಳೆ ಆಗದಿದ್ದರೆ ಅಲಾರಂ ಬರುತ್ತಾ? ಇದು ಯಾವ ಕಂಪನಿಯ ಬ್ರೋಷರ್‌ನಲ್ಲೂ ಇರಲ್ಲ. ಎಷ್ಟು ದುಬಾರಿ ಸ್ಕ್ರೀನ್ ತಂದರೂ ಆ ವೈರ್ ಎಳೆಯದಿದ್ದರೆ ಅದಕ್ಕೆ ಏನೂ ಗೊತ್ತಾಗಲ್ಲ.

ಅಲಾರಂ ಬರುತ್ತಾ ಅಂತ ಕೇಳಿದೆನಲ್ಲ, ಅದರಲ್ಲೂ ಒಂದು ಗುಂಡಿ ಇದೆ. ಈಗಿನ ಸಾಫ್ಟ್‌ವೇರ್‌ನಲ್ಲಿ ಅಲಾರಂ ಸೇರಿಸೋದು ಪುಕ್ಕಟೆ, ಒಂದು ಟಿಕ್ ಹಾಕಿದರೆ ಮುಗೀತು. ಅದಕ್ಕೇ "1,000 ಅಲಾರಂ ಕೊಟ್ಟಿದೀವಿ ಸಾರ್" ಅಂತ ಹೆಮ್ಮೆಯಿಂದ ಹೇಳೋರು ಇದ್ದಾರೆ. ನಮ್ಮ ಫೋನ್ ನೋಟಿಫಿಕೇಶನ್ ನೆನಪಿಸಿಕೊಳ್ಳಿ: ಎಲ್ಲ ಆ್ಯಪ್‌ಗೂ ಅನುಮತಿ ಕೊಟ್ಟ ಮೇಲೆ ಬ್ಯಾಂಕಿನ ಮೆಸೇಜನ್ನೂ ನೋಡದೆ ಪಕ್ಕಕ್ಕೆ ತಳ್ತೀವಿ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ತೈಲ ಶುದ್ಧೀಕರಣ ಘಟಕ ಸ್ಫೋಟ ಆಯ್ತು. ಅದಕ್ಕೂ ಮುಂಚಿನ ಕೊನೆಯ 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದಿದ್ದು 275 ಅಲಾರಂ. ಹೆಚ್ಚುಕಡಿಮೆ ಎರಡೂವರೆ ಸೆಕೆಂಡಿಗೆ ಒಂದು. ಓದೋದಾದರೂ ಹೇಗೆ? ಅಲ್ಲೂ ಒಂದು ಕಂಟ್ರೋಲ್ ವಾಲ್ವ್ ಮುಚ್ಚಿತ್ತು, ಸ್ಕ್ರೀನ್ ಮಾತ್ರ ತೆರೆದಿದೆ ಅಂತಿತ್ತು. ಅಲಾರಂ ಬಗ್ಗೆ ಬ್ರಿಟನ್ನಿನ ಈಮುವಾ ಸಂಸ್ಥೆ ಆಮೇಲೆ ತಂದ 191ನೇ ಮಾರ್ಗಸೂಚಿ, ಸಾಮಾನ್ಯ ದಿನದಲ್ಲಿ ಒಬ್ಬ ಆಪರೇಟರಿಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಅಲಾರಂ ಬರಬಾರದು ಅನ್ನುತ್ತೆ. ನಾನು ವೆಂಡರ್‌ಗಳಿಗೆ ಕೇಳಿದ್ದು ಒಂದೇ: ಪ್ರತಿ ಅಲಾರಂ ಪಕ್ಕದಲ್ಲೂ ಅದು ಬಂದಾಗ ಆಪರೇಟರ್ ಏನು ಮಾಡಬೇಕು ಅಂತ ಒಂದು ಸಾಲು ಬರೆದುಕೊಡಿ. ಬರೆಯೋಕೆ ಏನೂ ಇಲ್ಲ ಅಂದ್ರೆ ಅದು ಅಲಾರಂ ಆಗಿರಬೇಕಾಗಿಲ್ಲ.

ಆ ಒಂದು ಸಾಲು ಯಾವ ಭಾಷೆಯಲ್ಲಿರಬೇಕು? ನಾನು ಕನ್ನಡ ಅಂದೆ. ಎಲ್ಲರೂ "ಆಗುತ್ತೆ ಮೇಡಂ, ಯೂನಿಕೋಡ್ ಸಪೋರ್ಟ್ ಇದೆ" ಅಂದರು. ಟೈಪ್ ಮಾಡಿ ತೋರಿಸಿ ಅಂದಾಗ ಒಂದು ಪ್ಯಾನೆಲ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಅಡ್ಡಡ್ಡ ಬಿದ್ದವು, "ಒತ್ತಡ" ಅನ್ನೋದು "ಒತ್‌ತಡ" ಆಯ್ತು. ಅಕ್ಷರ ಇದ್ದರೆ ಸಾಲದು, ಜೋಡಿಸೋಕೂ ಬರಬೇಕು. ಹಂಗಿದ್ದಾಗ ಕನ್ನಡ ಪದಗಳನ್ನು ಚಿತ್ರ ಮಾಡಿ ಅಂಟಿಸೋದು ಒಂದು ದಾರಿ, ಆದರೆ ಪ್ರತಿ ಬದಲಾವಣೆಗೂ ಹೊಸ ಚಿತ್ರ ಬೇಕು. ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದಾರೆ, ಅವರಿಗೆ ಹಿಂದಿಯೂ ಬೇಕು ಅಂತ ಮಾವ ನೆನಪಿಸಿದರು. ಅದೂ ಸರಿ.

ಬಣ್ಣದ ವಿಷಯ ಚಿಕ್ಕದು, ಆದರೆ ಹೇಳಲೇಬೇಕು. ಯಂತ್ರಗಳ ಮೇಲೆ ಹಸಿರು ಅಂದ್ರೆ ಓಡ್ತಿದೆ. ಕರೆಂಟ್ ಸಬ್‌ಸ್ಟೇಷನ್ ಪ್ಯಾನೆಲ್‌ಗಳಲ್ಲಿ ಕೆಂಪು ಅಂದ್ರೆ ಆನ್, ಹಸಿರು ಅಂದ್ರೆ ಆಫ್. ಒಂದೇ ಕಾರ್ಖಾನೆಯಲ್ಲಿ ಎರಡೂ ಕಡೆಯಿಂದ ಬಂದ ಎಲೆಕ್ಟ್ರಿಷಿಯನ್‌ಗಳು ಇರ್ತಾರೆ. ಬಣ್ಣದ ಜತೆ ಪದವನ್ನೂ ಹಾಕಿಸಿ. ಹಿನ್ನೆಲೆ ಬೂದು ಬಣ್ಣ ಇಟ್ಟು, ಗಾಢ ಬಣ್ಣವನ್ನ ಏನಾದರೂ ಕೆಟ್ಟಾಗ ಮಾತ್ರ ಬಳಸೋ ಪದ್ಧತಿಯೂ ಇದೆ. ನೋಡೋಕೆ ಸಪ್ಪೆ. ಮಾವನಿಗೆ ತಿರುಗೋ ಫ್ಯಾನು, ಹರಿಯೋ ಹಾಲಿನ ಅನಿಮೇಷನ್ ಇರೋದೇ ಇಷ್ಟ ಆಗಿತ್ತು. ಈ ವಿಷಯದಲ್ಲಿ ನಾನು ಜಗಳ ಆಡಿ ಗೆದ್ದೆ.

ಇನ್ನು ಹಾರ್ಡ್‌ವೇರ್. ಡೇರಿಯಲ್ಲಿ ದಿನಾ ನೀರು ಹೊಡೆದು ತೊಳೀತಾರೆ, ಹಾಗಾಗಿ ಸ್ಕ್ರೀನಿನ ಮುಂಭಾಗ ಕನಿಷ್ಠ ಐಪಿ65 ಇರಬೇಕು. 6 ಅಂದ್ರೆ ಧೂಳು ಒಳಗೆ ಹೋಗಲ್ಲ, 5 ಅಂದ್ರೆ ಪೈಪಿನ ನೀರು ಹೊಡೆದರೂ ತಡೆಯುತ್ತೆ. ನಮ್ಮ ಫೋನ್ ಥರದ ಟಚ್ ಮೇಲೆ ನೀರಿನ ಹನಿ ಬಿದ್ದರೆ ತಾನೇ ಒತ್ತಿಕೊಂಡ ಹಾಗೆ ಆಡಬಹುದು, ಒತ್ತಿದರೆ ಮಾತ್ರ ಕೆಲಸ ಮಾಡೋ ಹಳೇ ಥರದ ರೆಸಿಸ್ಟಿವ್ ಟಚ್ ಗ್ಲೌಸ್ ಹಾಕಿದ ಕೈಗೂ ಬಗ್ಗುತ್ತೆ. ಮತ್ತೆ ಎಮರ್ಜೆನ್ಸಿ ಸ್ಟಾಪ್ ಬಟನ್ ಸ್ಕ್ರೀನ್ ಒಳಗೆ ಬೇಡವೇ ಬೇಡ. ಅದು ಕೈಯಲ್ಲಿ ಗುದ್ದೋ ಕೆಂಪು ಬಟನ್ನೇ ಆಗಿರಬೇಕು, ಅದರ ವೈರ್ ನೇರವಾಗಿ ಹೋಗಬೇಕು. ಇದರಲ್ಲಿ ಚರ್ಚೆ ಇಲ್ಲ.

ಮಾವನ ಕೊನೆಯ ಆಸೆ ಒಂದಿತ್ತು. "ಮನೇಲಿ ಕೂತ್ಕೊಂಡು ಫೋನಲ್ಲೇ ಪ್ಲಾಂಟ್ ನೋಡ್ಬೇಕು, ಬೇಕಾದ್ರೆ ಆಫ್ ಮಾಡ್ಬೇಕು." ಎಲ್ಲ ಮಾಲೀಕರಿಗೂ ಇದೇ ಬೇಕು, ವೆಂಡರ್‌ಗಳಿಗೂ ಗೊತ್ತು. ನಾನು 2023ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಊರಿನ ನೀರು ಸರಬರಾಜಿಗೆ ಆಗಿದ್ದನ್ನ ಹೇಳಿದೆ. ಅಲ್ಲಿ ಒಂದು ಪಂಪಿಂಗ್ ಸ್ಟೇಷನ್ನಿನ ಯುನಿಟ್ರಾನಿಕ್ಸ್ ಸ್ಕ್ರೀನ್ ಮೇಲೆ ಹ್ಯಾಕರ್‌ಗಳ ಸಂದೇಶ ಬಂತು, ಸಿಬ್ಬಂದಿ ಕೈಯಾರೆ ಪಂಪ್ ನಡೆಸಬೇಕಾಯ್ತು. ಆಗ ಅಮೆರಿಕದ ಸೈಬರ್ ಸುರಕ್ಷತಾ ಸಂಸ್ಥೆ ಕೊಟ್ಟ ಎಚ್ಚರಿಕೆ ಓದಿದರೆ ನಗಬೇಕೋ ಅಳಬೇಕೋ: ಇಂಟರ್ನೆಟ್‌ಗೆ ನೇರವಾಗಿ ಸಿಕ್ಕಿಸಬೇಡಿ, ಕಂಪನಿಯಿಂದ ಬಂದ ಪಾಸ್‌ವರ್ಡ್ 1111 ಬದಲಾಯಿಸಿ. ಯಂತ್ರಗಳು ಪರಸ್ಪರ ಮಾತಾಡೋಕೆ ಈಗಲೂ ಎಲ್ಲ ಕಡೆ ಬಳಸೋ ಮಾಡ್‌ಬಸ್ 1979ರದ್ದು, ಅದರ ಮೂಲ ರೂಪದಲ್ಲಿ ಪಾಸ್‌ವರ್ಡ್ ಅನ್ನೋದೇ ಇಲ್ಲ. ಯಾರು ಕೇಳಿದರೂ ಉತ್ತರ ಕೊಡುತ್ತೆ, ಯಾರು ಹೇಳಿದರೂ ಪಂಪ್ ನಿಲ್ಲಿಸುತ್ತೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೋಡೋದು ಸಾಕು, ಆಫ್ ಮಾಡೋದು ಬೇಡ" ಅಂದರು. ಅದನ್ನೂ ವಿಪಿಎನ್ ಮೂಲಕ ಮಾತ್ರ ಅಂತ ಬರೆಸಿದ್ವಿ.

ಪೂರ್ತಿ ಸ್ಕಾಡಾ ಬೇಕಾ ಅನ್ನೋ ಪ್ರಶ್ನೆ ಉಳಿದಿತ್ತು. ಇರೋದು ಒಂದೇ ಪ್ಲಾಂಟ್, ಒಂದೇ ಪಿಎಲ್‌ಸಿ. ಬೇಕಾಗಿದ್ದ ಮುಖ್ಯ ದಾಖಲೆ 72 ಡಿಗ್ರಿಯದು, ಅದನ್ನ ಒಳ್ಳೇ ಪ್ಯಾನೆಲ್ ತಾನೇ ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತೆ. ಸ್ಕಾಡಾ ಕೈಬಿಟ್ವಿ. ಮುಂದೆ ಹಳ್ಳಿಗಳ ಚಿಲ್ಲಿಂಗ್ ಸೆಂಟರ್‌ಗಳೂ ಸೇರಿದರೆ ಆಗ ನೋಡೋಣ, ಅದಕ್ಕೆ ಈಗಿನ ಪ್ಯಾನೆಲ್‌ನಲ್ಲಿ ಓಪಿಸಿ ಯುಎ ಇರಲಿ ಅಂತ ಕೇಳಿದ್ವಿ. ಬೇರೆ ಬೇರೆ ಕಂಪನಿಯ ಯಂತ್ರಗಳು ಮಾತಾಡೋಕೆ ಮಾಡಿರೋ ಸಾಮಾನ್ಯ ಭಾಷೆ ಅದು, ಭದ್ರತೆಯನ್ನೂ ಯೋಚಿಸಿ ಮಾಡಿದ್ದಾರೆ.

ಉಳಿದ ಇಬ್ಬರು ವೆಂಡರ್‌ಗಳು ಡೆಮೊ ಕೊಡೋಕೆ ಡೇರಿಗೇ ಬಂದರು. ಮಾವನ ಆಫೀಸಿನಲ್ಲಿ ಬೇಡ, ಪಾಶ್ಚರೈಸರ್ ಪಕ್ಕ ನಿಂತೇ ತೋರಿಸಿ ಅಂದೆ. ಆಪರೇಟರ್ ಅಣ್ಣನನ್ನ ಕರೆದು, ನಿಮಗೆ ಏನು ಬೇಕೋ ಮಾಡಿ ನೋಡಿ ಅಂದ್ವಿ. ಅಣ್ಣ ಸ್ಕ್ರೀನನ್ನ ಮುಟ್ಟಲೇ ಇಲ್ಲ. ಹಿಂದೆ ಹೋಗಿ, ಸ್ಕ್ರೀನಿಗೂ ಪಿಎಲ್‌ಸಿಗೂ ಮಧ್ಯದ ಕೇಬಲ್ ಕಿತ್ತರು. ಒಬ್ಬರ ಸ್ಕ್ರೀನ್ 72.4 ಅಂತ ತೋರಿಸ್ತಾನೇ ಇತ್ತು. ಒಂದು ನಿಮಿಷ, ಎರಡು ನಿಮಿಷ, 72.4. ಇನ್ನೊಬ್ಬರದ್ದರಲ್ಲಿ ಅಂಕಿ ಮಾಯ ಆಗಿ ಅಲ್ಲಿ ಬರೀ ಗೆರೆ ಬಂತು, ಮೇಲೆ ಕನ್ನಡದಲ್ಲಿ ಒಂದು ಸಾಲು: ಸಂಪರ್ಕ ಇಲ್ಲ, ಪೈಪಿನ ಥರ್ಮಾಮೀಟರ್ ನೋಡಿ.

ಆರ್ಡರ್ ಅವರಿಗೇ ಹೋಯ್ತು. ಪೆನ್‌ಡ್ರೈವ್ ಈಗ ಮಾವನ ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜತೆ ಇದೆ, ಒಂದು ಕಾಪಿ ನನ್ನ ಹತ್ತಿರ. ನೀವು ಕಾರ್ಖಾನೆಯಲ್ಲಿ ಕೆಲಸ ಮಾಡೋರಾದರೆ ನಿಮ್ಮ ಸ್ಕ್ರೀನಿನ ಮೂಲ ಫೈಲ್ ಯಾರ ಹತ್ತಿರ ಇದೆ ಅಂತ ನಾಳೆ ಒಮ್ಮೆ ಕೇಳಿ, ಏನು ಉತ್ತರ ಬಂತು ಅಂತ ನನಗೂ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.